ಡಬ್ಬಿಯಲ್ಲಿ ಬಂದ ಅಳತೆ

ತೂಕ ಇಳಿಸುವ ಊಟದ ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಕಣ್ಣಿಗೆ ಬೀಳುವುದು ಖಾಲಿ ಜಾಗ. ಒಂದು ಅಂಕಣದಲ್ಲಿ ಅರ್ಧ ಬಟ್ಟಲಷ್ಟು ಕೆಂಪಕ್ಕಿ ಅನ್ನ. ಪಕ್ಕದಲ್ಲಿ ಎಣ್ಣೆ ಕಂಡಿದೆಯೋ ಇಲ್ಲವೋ ಎಂಬಂತೆ ಹುರಿದ ಪನೀರ್. ಇನ್ನೊಂದರಲ್ಲಿ ಬೀನ್ಸು, ಕ್ಯಾರೆಟ್ಟು. ಮೂಲೆಯ ಪುಟ್ಟ ಕಪ್ಪಿನಲ್ಲಿ ಹೆಸರುಬೇಳೆ ಕೋಸಂಬರಿ. ಮುಚ್ಚಳದ ಮೇಲೆ ಚೀಟಿ: 410 ಕಿಲೊ ಕ್ಯಾಲೊರಿ, ಪ್ರೊಟೀನ್ 24 ಗ್ರಾಂ. ಜಯನಗರದ ನಮ್ಮ ಅತ್ತಿಗೆ ಇಂಥ ಡಬ್ಬಿಗೆ ತಿಂಗಳ ಚಂದಾ ಕಟ್ಟಿದಾಗ ನಮ್ಮಮ್ಮ ಅದನ್ನು ಹಾಗೂ ಹೀಗೂ ತಿರುಗಿಸಿ ನೋಡಿದರು. “ಇಷ್ಟಕ್ಕೆ ಇನ್ನೂರೈವತ್ತು ರೂಪಾಯಾ? ಕೊಡೇ ಇತ್ಲಾಗೆ, ಒಂದು ಸೌಟು ಹುಳಿನಾದ್ರೂ ಹಾಕ್ತೀನಿ” ಅಂದರು. ಅತ್ತಿಗೆ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. “ಬೇಡ ಅತ್ತೆ. ನಾನು ದುಡ್ಡು ಕೊಡ್ತಿರೋದೇ ಆ ಒಂದು ಸೌಟು ಹಾಕ್ದೇ ಇರೋದಕ್ಕೆ.”

ಒಂದು ಇಡೀ ಉದ್ಯಮದ ಗುಟ್ಟು ಈ ಮಾತಿನಲ್ಲಿದೆ. ಆ ಮನೆಯಲ್ಲಿ ಊಟಕ್ಕೆ ಬರವಿಲ್ಲ. ಡಬ್ಬಿಯೊಳಗಿನ ಪದಾರ್ಥಗಳಲ್ಲಿ ಅವರಿಗೆ ಮಾಡಲು ಬಾರದ್ದು ಒಂದೂ ಇಲ್ಲ. ಬೀನ್ಸಿನ ಪಲ್ಯವಂತೂ ಅವರದೇ ಚೆನ್ನ. ಆದರೂ ಹೊರಗಿನವರಿಗೆ ಹಣ ಕೊಟ್ಟು ತರಿಸುತ್ತಾರೆ. ಎಷ್ಟು ತಿನ್ನಬೇಕು ಎಂಬುದನ್ನು ಮನೆಯ ಹೊರಗಿನ ಯಾರೋ, ಪ್ರೀತಿ, ಮುನಿಸು, ದಾಕ್ಷಿಣ್ಯ ಯಾವುದೂ ಇಲ್ಲದವರು ಮೊದಲೇ ತೀರ್ಮಾನಿಸಿ ಮುಚ್ಚಳ ಹಾಕಿಬಿಟ್ಟಿದ್ದಾರೆ ಎಂಬುದೇ ಅದರ ಬೆಲೆ.

ಅತ್ತಿಗೆಯ ಆಸೆಯೂ ದೊಡ್ಡದಲ್ಲ, ನಾಲ್ಕೈದು ಕಿಲೊ. ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಡಾಕ್ಟರು ಚೀಟಿ ಬರೆಯುತ್ತಲೇ “ಸ್ವಲ್ಪ ವೆಯ್ಟ್ ಇಳಿಸಿ” ಎಂದರು. ಈ ಮಾತನ್ನು ಕೇಳದೆ ನಲವತ್ತು ದಾಟಿದ ಮಧ್ಯಮ ವರ್ಗದವರು ಈಗ ಕಡಿಮೆ. ಹೇಗೆ ಇಳಿಸುವುದು ಎಂದು ಕೂತು ವಿವರಿಸುವಷ್ಟು ಹೊತ್ತು ಡಾಕ್ಟರಿಗೂ ಇಲ್ಲ, ಹೊರಗೆ ಟೋಕನ್ ಹಿಡಿದು ಕಾಯುವವರಿಗೂ ಇಲ್ಲ. ‘ಸ್ವಲ್ಪ’ ಅಂದದ್ದು ಮಾತ್ರ ಸಮಾಧಾನಕ್ಕೆ ಹೇಳಿದ್ದಲ್ಲ. ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟಿದ್ದ ಗುರಿ ಇಷ್ಟೇ: ದೇಹತೂಕದ ಶೇ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಹುಸಿ ಮಾತ್ರೆ ಪಡೆದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಹೊಸದಾಗಿ ಮಧುಮೇಹ ಬಂದ ಪ್ರಮಾಣ ಶೇ 58ರಷ್ಟು ಕಡಿಮೆಯಿತ್ತು. ಎಪ್ಪತ್ತು ಕಿಲೊ ತೂಗುವವರಿಗೆ ಶೇ 7 ಎಂದರೆ ಐದು ಕಿಲೊಗೂ ತುಸು ಕಡಿಮೆ. ಸಿನಿಮಾ ನಟರ ಸಿಕ್ಸ್ ಪ್ಯಾಕ್ ಸುದ್ದಿಯನ್ನು ನೋಡಿ ನೋಡಿ ಐದು ಕಿಲೊ ನಮಗೆ ಲೆಕ್ಕಕ್ಕಿಲ್ಲದಂತಾಗಿದೆ.

ನಮ್ಮ ಮೈಕಟ್ಟಿಗೆ ಆ ಐದು ಕಿಲೊ ಇನ್ನೂ ಮುಖ್ಯ. ಭಾರತೀಯರು ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಬೇಗ ಕೊಬ್ಬು ಕೂಡಿಹಾಕುವವರು. ಅದಕ್ಕೇ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಯುರೋಪಿನವರಿಗಾದರೆ ಇವೇ ಗೆರೆಗಳು 25 ಮತ್ತು 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, 13.6 ಕೋಟಿ ಅಂಚಿನಲ್ಲಿರುವವರು, 35.1 ಕೋಟಿ ಹೊಟ್ಟೆಬೊಜ್ಜಿನವರು ಇದ್ದಾರೆಂದು ಅಂದಾಜಿಸಿತು. ಈ ಕೊನೆಯ ಸಂಖ್ಯೆಯೇ ಡಬ್ಬಿ ವ್ಯಾಪಾರದ ಮಾರುಕಟ್ಟೆ.

ಸಿಪಾಯಿಯ ಪೊಟ್ಟಣದಿಂದ

ಎಣಿಸಿದ ಕ್ಯಾಲೊರಿಯನ್ನು ಡಬ್ಬಿಗೆ ತುಂಬುವ ವಿದ್ಯೆ ಬೆಳೆದದ್ದು ಯಾರನ್ನೂ ತೆಳ್ಳಗೆ ಮಾಡುವುದಕ್ಕಲ್ಲ, ಸಿಪಾಯಿಯ ಹೊಟ್ಟೆಗೆ ಕಡಿಮೆಯಾಗದಿರಲಿ ಎಂದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಜೇಬಿನಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿಗೆಂದು ಮೂರು ಪೊಟ್ಟಣಗಳ ‘ಕೆ ರೇಷನ್’ ಇರುತ್ತಿತ್ತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್. ನಮ್ಮಲ್ಲಿ ಆ ಕೆಲಸಕ್ಕೆಂದೇ 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಸಿಯಾಚಿನ್‌ನ ಹಿಮದಲ್ಲಿ ನಿಂತವನಿಗೂ ಉಪ್ಪಿಟ್ಟು, ಪಲಾವು ಕೆಡದಂತೆ ತಲುಪಿಸುವುದು ಹೇಗೆಂದು ಅಲ್ಲಿ ಕಂಡುಕೊಂಡ ವಿದ್ಯೆಯೇ ಇಂದು ಅಂಗಡಿಗಳಲ್ಲಿ ಸಿಗುವ, ಬಿಸಿನೀರಿನಲ್ಲಿ ಇಳಿಬಿಟ್ಟು ತಿನ್ನುವ ಬಿಸಿಬೇಳೆಬಾತಿನ ಪೊಟ್ಟಣಗಳ ಹಿಂದೆಯೂ ಇದೆ. 1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ಕೊಂಡೊಯ್ದ ಭಾರತೀಯ ತಿನಿಸೂ ಮೈಸೂರಿನದೇ.

ಕೀಸ್ ಕಥೆ ರೇಷನ್ನಿಗೇ ಮುಗಿಯುವುದಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಹಸಿದವರನ್ನು ಮತ್ತೆ ಉಣಿಸುವುದು ಹೇಗೆ ಎಂಬ ಪ್ರಶ್ನೆಯಿತ್ತು. 1944ರ ನವೆಂಬರಿನಲ್ಲಿ ಅವರು 36 ಯುವಕರನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಆತ್ಮಸಾಕ್ಷಿಗೆ ಒಪ್ಪದೆಂದು ಬಂದೂಕು ಹಿಡಿಯಲು ನಿರಾಕರಿಸಿದ್ದ ಆರೋಗ್ಯವಂತರು ಅವರು. 24 ವಾರ ದಿನಕ್ಕೆ ಸುಮಾರು 1,570 ಕಿಲೊ ಕ್ಯಾಲೊರಿ ಊಟ, ಮೇಲೆ ನಡಿಗೆ. ತೂಕ ಕಾಲು ಭಾಗ ಕರಗಿತು. ಬರೇ ತೂಕವಾಗಿದ್ದರೆ ಪರವಾಗಿರಲಿಲ್ಲ. ಹುಡುಗರು ಅಡುಗೆ ಪುಸ್ತಕ ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕಿದರು, ಸಿಡುಕರಾದರು, ಊಟ ಬಿಟ್ಟು ಬೇರೆ ಮಾತೇ ಅವರಿಗೆ ರುಚಿಸದಾಯಿತು. ಮತ್ತೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಎಷ್ಟು ತಿಂದರೂ ಕೆಲವರಿಗೆ ತೃಪ್ತಿ ಹತ್ತಲಿಲ್ಲ. ಇಂದಿನ ಎಷ್ಟೋ ಡಯಟ್ ಕಾರ್ಯಕ್ರಮಗಳು ಹೆಂಗಸರಿಗೆ 1,200, ಗಂಡಸರಿಗೆ 1,500ರ ಆಸುಪಾಸಿನ ಲೆಕ್ಕ ಕೊಡುತ್ತವೆ. ಪ್ರಯೋಗದ ಹುಡುಗರು ತೆಳ್ಳಗಿದ್ದವರು, ಈಗಿನ ಗಿರಾಕಿಗಳಿಗೆ ಕರಗಿಸಲು ಕೊಬ್ಬಿದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ, ನಿಜ. ಆದರೂ ಡಯಟ್ ಹಿಡಿದ ಎರಡನೇ ವಾರದಲ್ಲಿ ಮನೆಯವರ ಮೇಲೆಲ್ಲ ರೇಗಾಡುವವರು ತಮ್ಮ ಸ್ವಭಾವವನ್ನು ಹಳಿದುಕೊಳ್ಳುವ ಮೊದಲು ಈ ಹುಡುಗರನ್ನು ನೆನೆಯಬಹುದು.

ತೆಳ್ಳಗಾಗಲೆಂದೇ ಊಟದ ಡಬ್ಬಿ ಮಾರುವ ವ್ಯಾಪಾರ ಅಮೆರಿಕದಲ್ಲಿ ಕುದುರಿದ್ದು 1970ರ ದಶಕದಿಂದ ಈಚೆಗೆ. ಹೆರಾಲ್ಡ್ ಕಾಟ್ಸ್ ಎಂಬವರು 1972ರಲ್ಲಿ ಫಿಲಡೆಲ್ಫಿಯಾ ಕಡೆ ನ್ಯೂಟ್ರಿಸಿಸ್ಟಮ್ ಕಂಪನಿ ಕಟ್ಟಿದರು. ಆ ಹಣದ ಬಲದಲ್ಲಿ ಮುಂದೆ ಅವರು ಊರಿನ ಬ್ಯಾಸ್ಕೆಟ್‌ಬಾಲ್ ತಂಡವನ್ನೇ ಕೊಂಡರು. 1981ರಲ್ಲಿ ಲೀನ್ ಕ್ವಿಸೀನ್ ಎಂಬ ಹೆಪ್ಪುಗಟ್ಟಿಸಿದ ಊಟ ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಸೇರಿತು, ಒಂದು ಡಬ್ಬಿಗೆ 300ಕ್ಕಿಂತ ಕಡಿಮೆ ಕ್ಯಾಲೊರಿ ಎಂಬ ಭರವಸೆಯೊಂದಿಗೆ. 1983ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಜೆನ್ನಿ ಕ್ರೇಗ್ ಮತ್ತು ಗಂಡ ಸಿಡ್ ಆರಂಭಿಸಿದ ಜೆನ್ನಿ ಕ್ರೇಗ್ ಕಂಪನಿ ಎರಡು ವರ್ಷಕ್ಕೆ ಅಮೆರಿಕಕ್ಕೆ ಬಂತು. ಇದರಲ್ಲಿ ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಬೇಕು, ಸಲಹೆಗಾರ್ತಿಯ ಎದುರು ತೂಕ ನೋಡಿಸಿಕೊಳ್ಳಬೇಕು, ಮುಂದಿನ ವಾರದ ಊಟದ ಚೀಲ ಹೊತ್ತುಕೊಂಡು ಬರಬೇಕು. ಹೆಂಡತಿಯೂ ದುಡಿಯಲು ಹೊರಟಿದ್ದ, ಮೈಕ್ರೊವೇವ್ ಬಂದಿದ್ದ, ಸಂಜೆಯ ಅಡುಗೆ ಯಾರ ಪಾಲು ಎಂದು ಇನ್ನೂ ಇತ್ಯರ್ಥವಾಗದಿದ್ದ ಮನೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ಎಲ್ಲವೂ ಸುಸೂತ್ರವಾಗಿರಲಿಲ್ಲ. ತೂಕ ತೀರ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚು. 1990ರ ಸುಮಾರಿಗೆ ಈ ಕಾರಣಕ್ಕೆ ಕಂಪನಿಗಳ ಮೇಲೆ ಮೊಕದ್ದಮೆಗಳು ಬಿದ್ದವು, ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, ಜಾಹೀರಾತುಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ವಾರಕ್ಕೆ ಅರ್ಧ ಕಿಲೊ, ಹೆಚ್ಚೆಂದರೆ ಒಂದು ಕಿಲೊ ಎಂಬ ಮಾತನ್ನು ವೈದ್ಯರು ಇಂದಿಗೂ ಬಿಡದೆ ಹೇಳುವುದರ ಹಿಂದೆ ಇಂಥ ಕಾರಣಗಳಿವೆ.

ಉಚಿತವಾಗಿ ಕೊಟ್ಟರೆ

ಇಷ್ಟಾಗಿ ಡಬ್ಬಿ ಊಟದಿಂದ ತೂಕ ಇಳಿಯುತ್ತದೆಯೇ? ಇಳಿಯುತ್ತದೆ. ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡಬೇಕಾಗಿಲ್ಲ. 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ 442 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಜೆನ್ನಿ ಕ್ರೇಗ್ ಕೇಂದ್ರಕ್ಕೆ ಹೋಗಿ ಊಟ ತಂದವರು ಎರಡು ವರ್ಷದ ಕೊನೆಗೆ ಸರಾಸರಿ 7.4 ಕಿಲೊ ಇಳಿದಿದ್ದರು. ಫೋನಿನಲ್ಲೇ ಸಲಹೆ ಪಡೆದವರು 6.2 ಕಿಲೊ. ಬರೇ ಮಾಮೂಲಿ ಸಲಹೆ ಕೇಳಿ ಮನೆಗೆ ಹೋದವರು 2 ಕಿಲೊ. ಎರಡು ವರ್ಷದ ನಂತರವೂ ಏಳು ಕಿಲೊ ಕಡಿಮೆಯೇ ಉಳಿಯುವುದು ಸಣ್ಣ ಸಾಧನೆಯಲ್ಲ. ಆದರೆ ಎರಡು ಸಂಗತಿ ಮರೆಯಬಾರದು. ಅಧ್ಯಯನಕ್ಕೆ ಹಣ ಕೊಟ್ಟದ್ದು ಅದೇ ಕಂಪನಿ, ಮತ್ತು ಆ ಮಹಿಳೆಯರಿಗೆ ಊಟ, ಸಲಹೆ ಎಲ್ಲ ಪುಕ್ಕಟೆ. ತಿಂಗಳ ಕೊನೆಗೆ ಬಿಲ್ಲು ಕಟ್ಟುವವರು ಎರಡು ವರ್ಷ ಹಿಡಿದು ನಿಲ್ಲುತ್ತಾರೆಯೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. 2015ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಸಂಶೋಧಕರು, ವರ್ಷದ ಕೊನೆಗೆ ಜೆನ್ನಿ ಕ್ರೇಗ್‌ನವರು ಹೋಲಿಕೆಯ ಗುಂಪಿಗಿಂತ ಕನಿಷ್ಠ ಶೇ 4.9, ಊಟ ಕೊಡದೆ ಗುಂಪುಸಭೆ ನಡೆಸುವ ವೆಯ್ಟ್ ವಾಚರ್ಸ್‌ನವರು ಕನಿಷ್ಠ ಶೇ 2.6 ಹೆಚ್ಚು ತೂಕ ಇಳಿಸಿದ್ದರು ಎಂದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕುತೂಹಲದ ಪ್ರಯೋಗ 1996ರಲ್ಲಿ ರೀನಾ ವಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅವರು 163 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ತರಬೇತಿ. ಎರಡನೆಯದಕ್ಕೆ ಅದರ ಜೊತೆ ಯಾವ ದಿನ ಯಾವ ಹೊತ್ತಿಗೆ ಏನು, ಎಷ್ಟು ತಿನ್ನಬೇಕೆಂದು ಬರೆದ ಪಟ್ಟಿ, ಮತ್ತು ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿ. ಮೂರನೆಯದಕ್ಕೆ ಅದೇ ಊಟದ ಸಾಮಗ್ರಿ ಅರ್ಧ ಖರ್ಚಿನಲ್ಲಿ. ನಾಲ್ಕನೆಯದಕ್ಕೆ ಪೂರ್ತಿ ಉಚಿತ. ಕೊನೆಯ ಮೂರು ಗುಂಪಿನವರೂ ಮೊದಲ ಗುಂಪಿಗಿಂತ ಚೆನ್ನಾಗಿ ತೂಕ ಇಳಿಸಿದರು. ಸ್ವಾರಸ್ಯ ಇರುವುದು ಮುಂದೆ: ಆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ! ಊಟವನ್ನು ಕೈಗೇ ಕೊಟ್ಟವರಷ್ಟೇ ಪಟ್ಟಿ ಹಿಡಿದು ತಾವೇ ಅಡುಗೆ ಮಾಡಿಕೊಂಡವರೂ ಇಳಿದರು. ಕೆಲಸ ಮಾಡಿದ್ದು ಡಬ್ಬಿಯೊಳಗಿನ ಯಾವ ಮಾಯದ ಸಾಮಗ್ರಿಯೂ ಅಲ್ಲ. ಮೊದಲೇ ಬರೆದಿಟ್ಟ ಅಳತೆ.

ಅಳತೆ ನಮ್ಮ ಕೈಗೆ ಹತ್ತದ ವಿದ್ಯೆ ಎಂಬುದಕ್ಕೂ ಸಾಕ್ಷಿಯಿದೆ. “ನಾನು ತಿನ್ನೋದೇ ಇಲ್ಲ, ಆದ್ರೂ ದಪ್ಪ ಆಗ್ತೀನಿ” ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಎಷ್ಟು ಡಯಟ್ ಮಾಡಿದರೂ ತೂಕ ಇಳಿಯದು ಎಂದು ಹೇಳಿಕೊಂಡವರನ್ನು ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ವರದಿ ಮಾಡಿದರು. ಅವರು ಬರೆದುಕೊಟ್ಟ ಲೆಕ್ಕದಲ್ಲಿ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇ 47 ಕಡಿಮೆಯಿತ್ತು, ಮಾಡಿದ ವ್ಯಾಯಾಮದ ಲೆಕ್ಕ ಶೇ 51 ಹೆಚ್ಚಿತ್ತು. ಸುಳ್ಳು ಹೇಳಿದರು ಎಂದಲ್ಲ. ಬಾಯಿಗೆ ಹೋದದ್ದು ನೆನಪಿಗೆ ಹೋಗಿರಲಿಲ್ಲ. ಪೆನ್ಸಿಲ್ವೇನಿಯಾದ ಬಾರ್ಬರಾ ರೋಲ್ಸ್ ಅವರ ಪ್ರಯೋಗದಲ್ಲಿ ಜನರಿಗೆ ಅರ್ಧ ಕಿಲೊ ಮ್ಯಾಕರೋನಿಯ ಬದಲು ಒಂದು ಕಿಲೊ ಇಟ್ಟಾಗ ಅವರು ಶೇ 30ರಷ್ಟು ಹೆಚ್ಚು ತಿಂದರು. ಹಸಿವು ಅದೇ, ಪಾತ್ರೆ ದೊಡ್ಡದು.

ಬಡಿಸುವ ಕೈ

ನಮ್ಮಲ್ಲಿ ಆ ಪಾತ್ರೆಯ ಪಕ್ಕ ಬಡಿಸುವ ಕೈಯೂ ಇದೆ. ಅಮೆರಿಕದವರು ತಮ್ಮ ತಟ್ಟೆಗೆ ತಾವೇ ಹಾಕಿಕೊಂಡು ಕೆಟ್ಟರೆ, ನಾವು ಬೇರೆಯವರು ಬಡಿಸಿ ಕೆಡುತ್ತೇವೆ. ಸಾರಿಗೊಮ್ಮೆ ಅನ್ನ, ಹುಳಿಗೊಮ್ಮೆ ಅನ್ನ, ಮೊಸರಿಗೊಮ್ಮೆ ಅನ್ನ. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವ ದೊಡ್ಡಮ್ಮಂದಿರನ್ನು ನಾನು ಕಂಡಿದ್ದೇನೆ. ಬೆಂದ ಅನ್ನ ನೂರು ಗ್ರಾಮಿಗೆ ಸುಮಾರು 130 ಕಿಲೊ ಕ್ಯಾಲೊರಿ. ಮೂರು ಸಲಕ್ಕೆ ನೂರೈವತ್ತು ಗ್ರಾಂನಂತೆ ಹಾಕಿಸಿಕೊಂಡರೆ ಅನ್ನವೊಂದೇ 585 ಆಯಿತು, ಪಲ್ಯ, ತುಪ್ಪ, ಹಪ್ಪಳ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ 320ರ ಆಸುಪಾಸು. ಮುದ್ದೆಯ ಒಂದು ಅನುಕೂಲವೆಂದರೆ ಅದು ಎಣಿಕೆಗೆ ಸಿಗುತ್ತದೆ. ಒಂದು ಮುದ್ದೆ ಉಂಡೆನೋ ಎರಡೋ ಎಂಬುದು ಉಂಡವನಿಗೆ ಗೊತ್ತು. ಅನ್ನ ಹಾಗಲ್ಲ, ಎಷ್ಟಾಯಿತೆಂದು ಹೊಟ್ಟೆಗೇ ತಿಳಿಯಬೇಕು.

ಎಣ್ಣೆ ಇನ್ನೂ ಕಳ್ಳ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲೊರಿ. ಒಗ್ಗರಣೆಗೆ ಯಾರೂ ಚಮಚ ಹಿಡಿಯುವುದಿಲ್ಲ, ಡಬ್ಬದಿಂದ ನೇರ ಬಾಣಲೆಗೆ ಬಗ್ಗಿಸುತ್ತಾರೆ. ಮನೆಯಲ್ಲಿ ಎಣ್ಣೆಯ ಲೆಕ್ಕ ಹಿಡಿಯಲು ತಿಂಗಳ ಸಾಮಾನಿನ ಚೀಟಿಯಷ್ಟು ನಂಬಿಕೆಯದು ಬೇರೆ ಇಲ್ಲ: ತಲಾ ದಿನಕ್ಕೆ 25 ಗ್ರಾಂ ಎಂದುಕೊಂಡರೂ ನಾಲ್ಕು ಜನರಿಗೆ ತಿಂಗಳಿಗೆ ಮೂರು ಕಿಲೊ. ಐದು ಲೀಟರಿನ ಕ್ಯಾನು ಮುಂದಿನ ಸಂಬಳದ ಮೊದಲೇ ಖಾಲಿಯಾದರೆ ಯಾವ ಆ್ಯಪ್ ಕೂಡ ಬೇಕಾಗಿಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರು ಕುಡಿಯುವ ಸಕ್ಕರೆಯೊಂದೇ 160 ಕ್ಯಾಲೊರಿಯ ಹತ್ತಿರ ಬರುತ್ತದೆ. ಭಾರತೀಯರ ಶಕ್ತಿಯ ಶೇ 62ರಷ್ಟು ಕಾರ್ಬೊಹೈಡ್ರೇಟಿನಿಂದ ಬರುತ್ತದೆ ಎಂದು ಇಂಡಿಯಾಬ್‌ನವರು 2025ರಲ್ಲಿ ಹೇಳಿದಾಗ ಅಕ್ಕಿಯ ರಾಜ್ಯಗಳಲ್ಲಿ ಯಾರಿಗೂ ಅಚ್ಚರಿಯಾಗಬೇಕಿರಲಿಲ್ಲ.

ಇದೆಲ್ಲದರ ನಡುವೆ ಅಡುಗೆ ಮಾಡುವವಳ ಊಟದ ಕಥೆ ಬೇರೆಯೇ. ಅವಳು ಊಟಕ್ಕೆ ಕೂರುವ ಮೊದಲೇ ಅರ್ಧ ಊಟ ಆಗಿರುತ್ತದೆ. ಉಪ್ಪು ನೋಡಿದ್ದು, ಮಗು ಬಿಟ್ಟ ದೋಸೆಯ ತುದಿ, ರಾತ್ರಿ ಉಳಿದದ್ದು ಕೆಡಬಾರದೆಂದು ಬೆಳಗ್ಗೆ ಹಾಕಿದ ಚಿತ್ರಾನ್ನ. ಕೊನೆಗೆ ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದಷ್ಟೇ ಅವಳ ಪಾಲು, ಅದು ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು. ಪಲ್ಯ ಮುಗಿದಿದ್ದರೆ ಅನ್ನ, ಉಪ್ಪಿನಕಾಯಿ. ಡಬ್ಬಿ ಊಟ ದುಬಾರಿ, ಪ್ಲಾಸ್ಟಿಕ್ಕು, ಒಣಜಂಬ ಎಂದು ಮೂಗು ಮುರಿಯುವವರ ಜೊತೆ ನಾನೂ ಒಂದು ಕಾಲಕ್ಕೆ ಸೇರಿದ್ದೆ. ಆದರೆ ಅತ್ತಿಗೆಯ ಹೆಸರು ಬರೆದ ಡಬ್ಬಿ ಮೇಜಿನ ಮೇಲೆ ಕೂತಾಗ, ಪ್ರೊಟೀನು, ತರಕಾರಿ ಎರಡೂ ಇರುವ ಒಂದು ಪೂರ್ತಿ ತಟ್ಟೆ ಆ ಮನೆಯಲ್ಲಿ ಅವರಿಗಾಗಿಯೇ ಬಂದದ್ದು ಅದೇ ಮೊದಲಿರಬೇಕು ಅನ್ನಿಸಿತು. “ಇದರಲ್ಲಿ ನಾನು ಯಾರಿಗೂ ಪಾಲು ಕೊಡಬೇಕಾಗಿಲ್ಲ, ಯಾರದ್ದೂ ಮುಗಿಸಬೇಕಾಗಿಲ್ಲ” ಎಂದು ಅವರೇ ಹೇಳಿದ್ದೂ ಉಂಟು.

ಕಷ್ಟ ಇದ್ದದ್ದು ಒಟ್ಟಿಗೆ ಕೂರುವುದರಲ್ಲಿ. ಐದು ಜನಕ್ಕೆ ಬಿಸಿಬೇಳೆಬಾತ್ ಮಾಡಿ, ಬೂಂದಿ ಹಾಕಿ ಬಡಿಸಿ, ತಾನು ಮೂಲೆಯಲ್ಲಿ ಡಬ್ಬಿ ಬಿಚ್ಚುವುದಕ್ಕೆ ಸಂನ್ಯಾಸಿಯ ಮನಸ್ಸು ಬೇಕು. ಅಮೆರಿಕದ ಕಾರ್ಯಕ್ರಮಗಳು ಒಂಟಿಯಾಗಿ ಉಣ್ಣುವವರನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡವು. ಇಲ್ಲಿ ಶ್ರಾವಣ ಬಂದರೆ ವಾರಕ್ಕೊಂದು ಪೂಜೆ, ಗೌರಿ ಗಣೇಶ, ಪಿತೃಪಕ್ಷ, ದಸರಾ. ಅಮ್ಮ ಮಾಡಿದ ಒಬ್ಬಟ್ಟನ್ನು ಡಬ್ಬಿಯ ಹೆಸರು ಹೇಳಿ ನಿರಾಕರಿಸುವುದು ಕ್ಯಾಲೊರಿಯ ಲೆಕ್ಕದಲ್ಲಿ ಸರಿಯಾದರೂ ಸಂಸಾರದ ಲೆಕ್ಕದಲ್ಲಿ ತಪ್ಪು. ಅತ್ತಿಗೆ ಹಬ್ಬದ ದಿನ ಡಬ್ಬಿ ತರಿಸದೆ ಒಂದು ಒಬ್ಬಟ್ಟು ತಿಂದರು, ಅನ್ನ ಬಿಟ್ಟರು. ಜಾಣತನ.

ಚೀಟಿ ಓದುವಾಗ

ಬೆಂಗಳೂರಿನಲ್ಲಿ ಈಗ ಇಂಥ ಊಟ ಕೊಡುವವರು ಗಲ್ಲಿಗೊಬ್ಬರು. ದೊಡ್ಡ ಕಂಪನಿಗಳಿವೆ, ಮನೆಯ ಅಡುಗೆಮನೆಯಲ್ಲೇ ಇಪ್ಪತ್ತು ಡಬ್ಬಿ ಕಟ್ಟುವ ಆಹಾರತಜ್ಞೆಯರೂ ಇದ್ದಾರೆ. ಒಂದು ಊಟಕ್ಕೆ ಇನ್ನೂರರಿಂದ ಮುನ್ನೂರೈವತ್ತು ರೂಪಾಯಿಯ ನಡುವೆ ದರ. ಸಿರಿಧಾನ್ಯದ ಪೊಂಗಲ್, ಓಟ್ಸ್ ಇಡ್ಲಿ, ಗ್ರಿಲ್ ಮಾಡಿದ ಚಿಕನ್, ಮೊಳಕೆಕಾಳು. ಇಡೀ ತಿಂಗಳು ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ತರಿಸಿದರೆ ಹತ್ತಿರ ಹತ್ತಿರ ಹದಿನೈದು ಸಾವಿರ, ನಾಲ್ಕು ಜನರ ಮನೆಯ ದಿನಸಿಯ ಲೆಕ್ಕವನ್ನೇ ಮೀರುವ ದುಡ್ಡು.

ಚಂದಾ ಕಟ್ಟುವ ಮೊದಲು ನೋಡಬೇಕಾದ್ದು ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ. ಅದಿಲ್ಲದಿದ್ದರೆ ಉಳಿದ ಮಾತೇ ಬೇಡ. ಚೀಟಿಯ ಮೇಲಿನ ಕ್ಯಾಲೊರಿಯನ್ನು ದೇವರ ವಾಕ್ಯವೆಂದು ತಿಳಿಯುವುದೂ ಬೇಡ. ಸಣ್ಣ ಅಡುಗೆಮನೆಗಳು ಈ ಸಂಖ್ಯೆಯನ್ನು ಸಾಮಾನಿನ ತೂಕದಿಂದ ಲೆಕ್ಕ ಹಾಕಿ ಬರೆಯುತ್ತವೆ; ಬಾಣಲೆಗೆ ಎಣ್ಣೆ ಬಗ್ಗಿಸುವ ಕೈ ಅಲ್ಲೂ ಮನುಷ್ಯರದ್ದೇ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಪ್ರೊಟೀನು. ಬರೇ ಸೊಪ್ಪು, ಸೌತೆಕಾಯಿ ತುಂಬಿ ‘ಡಿಟಾಕ್ಸ್’ ಎಂದು ಬರೆದ ಡಬ್ಬಿಯಿಂದ ತಕ್ಕಡಿಯ ಮುಳ್ಳೇನೋ ಇಳಿಯುತ್ತದೆ, ಜೊತೆಗೆ ಸ್ನಾಯುವೂ ಇಳಿಯುತ್ತದೆ. ಒಂದು ಹೊತ್ತಿಗೆ ಇಪ್ಪತ್ತು ಗ್ರಾಂ ಸುಮಾರಿಗೆ ಪ್ರೊಟೀನ್ ಇರಲಿ. ಉಪ್ಪನ್ನೂ ಕೇಳಿ. ಎಣ್ಣೆ ಕಡಿಮೆ ಮಾಡಿದವರು ರುಚಿಗೆ ಉಪ್ಪು, ಸಾಸು ಹೆಚ್ಚಿಸುವುದುಂಟು. ದಿನಕ್ಕೆ ಐದು ಗ್ರಾಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನದ ಉಪ್ಪಿಗೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಇದಕ್ಕೆ ಕೈ ಹಾಕಬಾರದು. ಅನ್ನ ದಿಢೀರನೆ ಅರ್ಧಕ್ಕೆ ಇಳಿದು ಮಾತ್ರೆ ಹಾಗೆಯೇ ಉಳಿದರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳುವ ಅಪಾಯವಿದೆ. ಬಸುರಿಯರು, ಮೊಲೆಯೂಡಿಸುವವರು, ಮೂತ್ರಪಿಂಡದ ತೊಂದರೆಯವರು, ಬೆಳೆಯುವ ಮಕ್ಕಳು ಇದರಿಂದ ದೂರವಿರಬೇಕು.

ಇನ್ನು ಮೊದಲ ವಾರದ ಸಂಭ್ರಮ. ಎಂಟು ದಿನಕ್ಕೆ ಎರಡು ಕಿಲೊ ಇಳಿದು ಗೆಳತಿಯರಿಗೆಲ್ಲ ವಾಟ್ಸ್ಆ್ಯಪ್ ಹೋಗುತ್ತದೆ. ಅದರಲ್ಲಿ ಬಹುಪಾಲು ನೀರು. ಪಿತ್ತಜನಕಾಂಗ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜನ್ ಕರಗುವಾಗ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು, ದಿನಕ್ಕೆ 500 ಕಡಿಮೆ ತಿಂದರೂ ಎರಡು ವಾರ. ಮೂರನೇ ವಾರ ಮುಳ್ಳು ಅಲ್ಲಾಡದಿದ್ದಾಗ ಡಬ್ಬಿಯವರಿಗೆ ಬೈಯುವವರು ಈ ಲೆಕ್ಕ ಬಲ್ಲವರಾಗಿದ್ದರೆ ಸುಮ್ಮನಿರುತ್ತಿದ್ದರು.

ಡಬ್ಬಿ ನಿಂತ ಮೇಲೆ

ಈ ವ್ಯಾಪಾರಕ್ಕೆ ಒಂದು ಒಳವಿರೋಧವಿದೆ. ಗಿರಾಕಿ ನಿಜಕ್ಕೂ ಅಳತೆ ಕಲಿತುಬಿಟ್ಟರೆ ಮತ್ತೆ ಚಂದಾ ಕಟ್ಟುವುದಿಲ್ಲ. ಕಲಿಯದಿದ್ದರೆ ಡಬ್ಬಿ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ತೂಕ ಮರಳಿ ಬರುತ್ತದೆ, ಗಿರಾಕಿಯೂ ಮರಳಿ ಬರುತ್ತಾನೆ. ಕಂಪನಿಗೆ ಯಾವುದು ಲಾಭ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಲಾಭ ಕೈಹಿಡಿಯಲಿಲ್ಲ. 2006ರಲ್ಲಿ ಸುಮಾರು 60 ಕೋಟಿ ಡಾಲರಿಗೆ ನೆಸ್ಲೆ ಕೊಂಡಿದ್ದ ಜೆನ್ನಿ ಕ್ರೇಗ್ ಆಮೇಲೆ ಕೈಯಿಂದ ಕೈಗೆ ಸಾಗಿ 2023ರ ಮೇ ತಿಂಗಳಲ್ಲಿ ಕೇಂದ್ರಗಳನ್ನೆಲ್ಲ ಒಮ್ಮೆಲೇ ಮುಚ್ಚಿತು. ಉಳಿದ ಹೆಸರನ್ನು ಕೊಂಡದ್ದು ನ್ಯೂಟ್ರಿಸಿಸ್ಟಮ್‌ನ ಒಡೆತನ ಹೊಂದಿರುವ ಕಂಪನಿ. ವೆಯ್ಟ್ ವಾಚರ್ಸ್ 2025ರ ಮೇನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ಕ್ಯೂರ್‌ಫಿಟ್ ವ್ಯಾಯಾಮದ ಜೊತೆ ಈಟ್‌ಫಿಟ್ ಹೆಸರಲ್ಲಿ ಆರೋಗ್ಯದ ಊಟವನ್ನೂ ಮಾರಿತು. ಆ ಅಡುಗೆ ವ್ಯವಹಾರ 2020ರಲ್ಲಿ ಕ್ಯೂರ್‌ಫುಡ್ಸ್ ಎಂಬ ಬೇರೆ ಕಂಪನಿಯಾಯಿತು. ಇಂದು ಅದರ ಬ್ರ್ಯಾಂಡುಗಳ ಸಾಲಿನಲ್ಲಿ ಕೇಕು, ಪಿಜ್ಜಾ, ಬಿರಿಯಾನಿ ಎಲ್ಲವೂ ಇವೆ. ಊರಿನ ನಾಲಿಗೆ ಏನು ಬಯಸುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡರು.

ಇದರ ಮೇಲೆ ಈಗ ಚುಚ್ಚುಮದ್ದು ಬಂದಿದೆ. ಹಸಿವನ್ನೇ ತಗ್ಗಿಸುವ ಸೆಮಾಗ್ಲುಟೈಡ್ ತೂಕ ಇಳಿಸಲೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2021ರಲ್ಲಿ. ಭಾರತಕ್ಕೆ 2025ರ ಮಾರ್ಚಿನಲ್ಲಿ ಇಂಥದೇ ಇನ್ನೊಂದು ಮದ್ದು ಮೌಂಜಾರೊ, ಜೂನಿನಲ್ಲಿ ಸೆಮಾಗ್ಲುಟೈಡಿನದೇ ವೆಗೋವಿ ಬಂದವು. ಮುಖ್ಯ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಹಾಕಿಸಿಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ 15ರ ಹತ್ತಿರ ಇಳಿಯಿತು. ಯಾವ ಡಬ್ಬಿಯೂ ಅದರ ಸಮಕ್ಕೆ ನಿಲ್ಲದು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದದ್ದೂ ಅದೇ ಪ್ರಯೋಗದಲ್ಲಿ ದಾಖಲಾಗಿದೆ. ಚುಚ್ಚುಮದ್ದಿನವರಿಗೆಂದೇ ಕಡಿಮೆ ಪ್ರಮಾಣದ, ಹೆಚ್ಚು ಪ್ರೊಟೀನಿನ ಊಟದ ಡಬ್ಬಿಯನ್ನು ನೆಸ್ಲೆ 2024ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಂದರೆ ಡಬ್ಬಿ ಸಾಯುವುದಿಲ್ಲ, ವೇಷ ಬದಲಿಸುತ್ತದೆ. ಆದರೆ ನಾಲ್ಕೈದು ಕಿಲೊ ಇಳಿಸಬೇಕಾದವರು ಇಂಥ ಮದ್ದಿನ ತನಕ ಹೋಗುವುದು ನನಗಂತೂ ಅತಿಯೆನಿಸುತ್ತದೆ.

ಹಾಗಾದರೆ ಡಬ್ಬಿ ಯಾರಿಗೆ? ಪಿಜಿಯಲ್ಲಿದ್ದು ರಾತ್ರಿ ಪಾಳಿ ಮುಗಿಸಿ ಬಂದು ಸಿಕ್ಕಿದ್ದನ್ನು ಆರ್ಡರ್ ಮಾಡುವ ಹುಡುಗ ಹುಡುಗಿಯರಿಗೆ, ಹೆಂಡತಿ ತೀರಿಕೊಂಡ ಮೇಲೆ ಬ್ರೆಡ್ಡು, ಬಿಸ್ಕತ್ತಿನಲ್ಲೇ ದಿನ ದೂಡುವ ಹಿರಿಯರಿಗೆ ಇದು ಬಹುಕಾಲ ಉಪಯೋಗಕ್ಕೆ ಬರುವ ವ್ಯವಸ್ಥೆ. ಅವರ ಬದಲಿ ಆಯ್ಕೆ ಮನೆಯೂಟವಲ್ಲ. ಮನೆಯಲ್ಲಿ ಅಡುಗೆ ನಡೆಯುವವರಿಗೆ ಮಾತ್ರ ಇದು ಒಂದೆರಡು ತಿಂಗಳ ಪಾಠ, ಅದೂ ಒಂದೇ ಹೊತ್ತಿನದು. ಅತ್ತಿಗೆ ಮಾಡಿದ್ದು ಹೀಗೆ: ಕೆಲವು ವಾರ ಮಧ್ಯಾಹ್ನಕ್ಕಷ್ಟೇ ತರಿಸಿದರು, ಬಂದ ಅನ್ನವನ್ನು, ಪನೀರನ್ನು, ಪಲ್ಯವನ್ನು ಒಂದೊಂದಾಗಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಆಮೇಲೆ ಡಬ್ಬಿ ನಿಲ್ಲಿಸಿ, ತೊಳೆದಿಟ್ಟ ಅದೇ ಅಂಕಣದ ಡಬ್ಬಿಗೆ ಮನೆಯ ಅನ್ನ, ಹುರುಳಿಕಾಳಿನ ಪಲ್ಯ, ಮೊಸರು ತುಂಬತೊಡಗಿದರು. ತಟ್ಟೆಗಿಂತ ಮೊದಲು ಡಬ್ಬಿಗೆ, ಬೇರೆಯವರಿಗೆ ಬಡಿಸುವ ಮೊದಲು. ತಿಳಿಸಾರನ್ನು ಮಾತ್ರ ಲೆಕ್ಕವಿಲ್ಲದೆ ಲೋಟದಲ್ಲಿ ಕುಡಿಯುತ್ತಾರೆ, ಊಟಕ್ಕೆ ಮುಂಚೆ. ಊಟದ ಮೊದಲು ಕಡಿಮೆ ಕ್ಯಾಲೊರಿಯ ಸೂಪು ಕುಡಿದವರು ಒಟ್ಟಿನಲ್ಲಿ ಕಡಿಮೆ ತಿನ್ನುತ್ತಾರೆ ಎಂದು ಬಾರ್ಬರಾ ರೋಲ್ಸ್ ತೋರಿಸಿದ್ದಾರೆ. ನಮ್ಮ ಸಾರಿಗಿಂತ ಒಳ್ಳೆಯ ಸೂಪು ಅವರ ದೇಶದಲ್ಲಿ ಇದ್ದೀತೆಂದು ನನಗೇನೂ ಅನ್ನಿಸುವುದಿಲ್ಲ.

ಕೊನೆಗೊಂದು ವ್ಯವಹಾರದ ಮಾತು. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ಶೇ 20 ರಿಯಾಯಿತಿ ಎಂದು ಆಸೆ ತೋರಿಸುವವರು ಬಹಳ. ಕಟ್ಟಬೇಡಿ. ಮೊದಲು ಒಂದು ವಾರದ್ದು ತರಿಸಿ, ಊರಿಗೆ ಹೋದ ದಿನ, ಹಬ್ಬದ ದಿನ ನಿಲ್ಲಿಸಲು ಅವಕಾಶವಿದೆಯೇ, ನಿಲ್ಲಿಸಿದ ದಿನಗಳ ಹಣ ವಾಪಸು ಬರುತ್ತದೆಯೇ ಅಥವಾ ಮುಂದಕ್ಕೆ ಜಮೆಯಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಹಾಗೆ ಕೇಳಿದಾಗ ನುಣುಚಿಕೊಳ್ಳುವವರ ಬಳಿ ಊಟ ಎಷ್ಟೇ ಚೆನ್ನಾಗಿದ್ದರೂ ಬೇಡ.